ಗೇಟ್‌ಪಾಸ್ ಚೀಟಿಯೂ ಮಿಡಲ್‌ವೇರೂ: ಎರಡು ಬಾರಿ ಮಾಡಿದ ಒಂದು ಪಾಠ

"ಜರಡಿ ಹಿಡಿದು ಆದ ಮೇಲೆ ಹಿಟ್ಟು ಮತ್ತೆ ಜರಡಿಗೆ ಯಾಕೆ ಬರುತ್ತೆ?"

ಸಹಪಾಠಿ ಬೋಧನೆಯ ನನ್ನ ಮೊದಲ ತರಗತಿಯಲ್ಲಿ, ಇನ್ನು ಹತ್ತು ನಿಮಿಷ ಉಳಿದಿರುವಾಗ, ಮೂರನೇ ಬೆಂಚಿನಿಂದ ಬಂದ ಪ್ರಶ್ನೆ ಇದು. ಕೇಳಿದವಳು ಭೌತಶಾಸ್ತ್ರದ ಪ್ರಶಿಕ್ಷಣಾರ್ಥಿ, ಪ್ರೋಗ್ರಾಮಿಂಗ್ ಅಷ್ಟಾಗಿ ಗೊತ್ತಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ನಾನು ಆರಿಸಿಕೊಂಡಿದ್ದ ಹೋಲಿಕೆಯೇ ಅರ್ಧ ಸುಳ್ಳು ಎಂಬುದು ಅಲ್ಲಿ ನಿಂತಾಗಲೇ ಗೊತ್ತಾಯಿತು. ಇನ್ನೊಂದು ದೊಡ್ಡ ತಪ್ಪು ಎರಡನೇ ತರಗತಿಯಲ್ಲಿ ಹೊರಬಿತ್ತು. ಆ ಎರಡು ತರಗತಿಗಳ ನಡುವೆ ನಾನು ಮಿಡಲ್‌ವೇರ್ ಬಗ್ಗೆ ಏನು ಕಲಿತೆ ಎಂಬುದೇ ಈ ಲೇಖನ.

ಹಿನ್ನೆಲೆ ಇಷ್ಟು. ಐಸಿಟಿ ಯೋಜನಾ ಕಾರ್ಯಕ್ಕಾಗಿ ನಮ್ಮ ತಂಡ 'ಅವಲೋಕನ ಪುಸ್ತಕ' ಎಂಬ ಪುಟ್ಟ ವೆಬ್ ಅಪ್ಲಿಕೇಶನ್ ಮಾಡಿತ್ತು. ಪ್ರಶಿಕ್ಷಣಾರ್ಥಿ ತನ್ನ ಪಾಠಯೋಜನೆಯನ್ನು ಅದರಲ್ಲಿ ಹಾಕಬೇಕು. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಉಪನ್ಯಾಸಕರು ಅಲ್ಲೇ ಅವಲೋಕನ ಟಿಪ್ಪಣಿ ಬರೆಯುತ್ತಾರೆ. ಆ ಟಿಪ್ಪಣಿಯನ್ನು ಬರೆದವರು ಮತ್ತು ಸಂಬಂಧಪಟ್ಟ ಪ್ರಶಿಕ್ಷಣಾರ್ಥಿ ಇಬ್ಬರೇ ಓದಬಹುದು, ಬೇರೆ ಯಾರೂ ಓದಬಾರದು ಎಂಬುದು ನಿಯಮ. ನಿಯಮವನ್ನು ಕೋಡಿನಲ್ಲಿ ತರುವ ಕೆಲಸ ನನ್ನ ಪಾಲಿಗೆ ಬಂತು. ಬಳಸಿದ್ದು ಪೈಥಾನ್ ಭಾಷೆಯ ಜ್ಯಾಂಗೋ ಫ್ರೇಮ್‌ವರ್ಕ್. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿದ ತಂತ್ರಾಂಶ ಅದು.

ನಾವು ಬ್ರೌಸರಿನಲ್ಲಿ ಒಂದು ವಿಳಾಸ ಒತ್ತಿದಾಗ ಸರ್ವರಿಗೆ ಒಂದು ಕೋರಿಕೆ ಹೋಗುತ್ತದೆ, ಅದು ರಿಕ್ವೆಸ್ಟ್. ಆ ವಿಳಾಸಕ್ಕೆ ಉತ್ತರ ತಯಾರಿಸುವ ಫಂಕ್ಷನ್ನಿಗೆ ಜ್ಯಾಂಗೋದಲ್ಲಿ ವ್ಯೂ ಎನ್ನುತ್ತಾರೆ. ಹಿಂತಿರುಗಿ ಬರುವ ಉತ್ತರ ರೆಸ್ಪಾನ್ಸ್. ರಿಕ್ವೆಸ್ಟ್ ವ್ಯೂ ತಲುಪುವ ಮುಂಚೆ, ಮತ್ತು ರೆಸ್ಪಾನ್ಸ್ ಬ್ರೌಸರಿಗೆ ಹೋಗುವ ಮುಂಚೆ, ಎಲ್ಲ ಪುಟಗಳಿಗೂ ಸಮಾನವಾಗಿ ಆಗಬೇಕಾದ ಕೆಲಸಗಳಿರುತ್ತವೆ. ಅವನ್ನು ಪ್ರತಿ ವ್ಯೂನಲ್ಲೂ ಬರೆಯುತ್ತ ಕೂರದೆ ನಡುವಿನ ಪದರಗಳಲ್ಲಿ ಇಟ್ಟರೆ ಅದು ಮಿಡಲ್‌ವೇರ್.

ಮೊದಲ ತರಗತಿಯಲ್ಲಿ ಇದನ್ನೇ ನಾನು ಜರಡಿ ಎಂದಿದ್ದೆ. ಕಲ್ಲು ಮೇಲೆ ಉಳಿಯುತ್ತದೆ, ಹಿಟ್ಟು ಕೆಳಗೆ ಬೀಳುತ್ತದೆ, ಕೆಟ್ಟ ರಿಕ್ವೆಸ್ಟ್ ನಿಲ್ಲುತ್ತದೆ, ಒಳ್ಳೆಯದು ದಾಟುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಜ್ಯಾಂಗೋದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ತಾನಾಗಿಯೇ ಬರುವ 7 ಮಿಡಲ್‌ವೇರ್‌ಗಳಲ್ಲಿ ಕೊನೆಯದು, ಎಕ್ಸ್-ಫ್ರೇಮ್-ಆಪ್ಷನ್ಸ್ ಎಂಬುದು, ಒಳಗೆ ಹೋಗುವಾಗ ಏನೂ ಮಾಡುವುದೇ ಇಲ್ಲ. ನಮ್ಮ ಪುಟವನ್ನು ಬೇರೆಯವರು ತಮ್ಮ ಪುಟದ ಚೌಕಟ್ಟಿನೊಳಗೆ ತೂರಿಸಿ ಮೋಸ ಮಾಡದಂತೆ, ಹೊರಗೆ ಬರುವ ಉತ್ತರದ ಮೇಲೆ ಒಂದು ಹೆಡರ್ ಅಂಟಿಸುವುದಷ್ಟೇ ಅದರ ಕೆಲಸ. ಜರಡಿಯ ಹೋಲಿಕೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಆ ಗೆಳತಿಯ ಪ್ರಶ್ನೆ ಸರಿಯಾಗಿಯೇ ಇತ್ತು.

ಎರಡನೇ ತರಗತಿಗೆ ಬೇರೆ ಹೋಲಿಕೆ ಹುಡುಕಿದೆ. ಅದು ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯ ಗೇಟಿನಲ್ಲೇ ಸಿಕ್ಕಿತು. ಅಲ್ಲಿ ಪೋಷಕರು ಮಗುವಿನ ಶಿಕ್ಷಕರನ್ನು ನೋಡಬೇಕೆಂದರೆ ಒಂದು ಚೀಟಿ ಕೊಡುತ್ತಾರೆ. ಗೇಟಿನ ಕಾವಲುಗಾರ ಅದರಲ್ಲಿ ಬಂದ ಸಮಯ ಬರೆಯುತ್ತಾನೆ. ಕಚೇರಿಯ ಗುಮಾಸ್ತರು ಯಾವ ಮಗುವಿನ ಪೋಷಕರೆಂದು ದಾಖಲೆ ನೋಡಿ ಹೆಸರು ತುಂಬುತ್ತಾರೆ. ಮುಖ್ಯೋಪಾಧ್ಯಾಯರು ಹೆಸರು ನೋಡಿ ಸಹಿ ಮಾಡುತ್ತಾರೆ. ಆಮೇಲೆ ತರಗತಿ. ಶಿಕ್ಷಕರು ಅಂಕಪಟ್ಟಿಯ ಪ್ರತಿ ಕೊಟ್ಟರೆ ಅದು ಹೊರಗೆ ಬರುವಾಗ ಕ್ರಮ ತಿರುಗುತ್ತದೆ: ಮೊದಲು ಮುಖ್ಯೋಪಾಧ್ಯಾಯರ ಸಹಿ, ಆಮೇಲೆ ಕಚೇರಿಯ ಮೊಹರು, ಕೊನೆಗೆ ಗೇಟಿನಲ್ಲಿ ಹೊರಟ ಸಮಯ. ಮುಖ್ಯೋಪಾಧ್ಯಾಯರು 'ಇವತ್ತು ಆಗುವುದಿಲ್ಲ' ಎಂದರೆ ಪೋಷಕರು ತರಗತಿಯನ್ನು ನೋಡುವುದೇ ಇಲ್ಲ. ಆದರೆ ಬಂದ ದಾರಿಯಲ್ಲೇ, ಕಚೇರಿ ಮತ್ತು ಗೇಟಿನ ಮೂಲಕವೇ, ಹಿಂತಿರುಗುತ್ತಾರೆ.

ಜ್ಯಾಂಗೋ ಮಾಡುವುದೂ ಇದನ್ನೇ. ಸೆಟ್ಟಿಂಗ್ಸ್ ಫೈಲಿನಲ್ಲಿ ಮಿಡಲ್‌ವೇರ್ ಎಂಬ ಹೆಸರಿನ ಒಂದು ಪಟ್ಟಿ ಇರುತ್ತದೆ. ಒಳಗೆ ಹೋಗುವಾಗ ಪಟ್ಟಿ ಮೇಲಿನಿಂದ ಕೆಳಗೆ, ಹೊರಗೆ ಬರುವಾಗ ಕೆಳಗಿನಿಂದ ಮೇಲೆ. ನಡುವೆ ಯಾವುದಾದರೂ ಪದರ ತಾನೇ ಉತ್ತರ ಕೊಟ್ಟುಬಿಟ್ಟರೆ ಅದರ ಕೆಳಗಿನ ಪದರಗಳಿಗೂ ವ್ಯೂಗೂ ಸುದ್ದಿಯೇ ತಲುಪುವುದಿಲ್ಲ. ಮೇಲಿನವು ಮಾತ್ರ ಆ ಉತ್ತರವನ್ನು ಕಾಣುತ್ತವೆ.

ಗ್ರಂಥಾಲಯದ ಹಳೆಯ ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಈ ಪಟ್ಟಿಯ ಹೆಸರು 'ಮಿಡಲ್‌ವೇರ್ ಕ್ಲಾಸಸ್' ಎಂದಿರುತ್ತದೆ. ಆ ಪದ್ಧತಿಯಲ್ಲಿ ನಡುವೆ ಉತ್ತರ ಬಂದರೂ, ರಿಕ್ವೆಸ್ಟ್ ತಲುಪದೇ ಇದ್ದ ಪದರಗಳೂ ಸೇರಿ ಎಲ್ಲವೂ ಆ ಉತ್ತರವನ್ನು ಮುಟ್ಟುತ್ತಿದ್ದವು. 2016ರ ಆಗಸ್ಟಿನಲ್ಲಿ ಬಂದ 1.10 ಆವೃತ್ತಿ ಈಗಿನ ರೀತಿಯನ್ನು ತಂದಿತು. 2017ರ ಡಿಸೆಂಬರಿನ 2.0 ಆವೃತ್ತಿ ಹಳೆಯದನ್ನು ತೆಗೆದುಹಾಕಿತು.

ಸ್ವಂತ ಮಿಡಲ್‌ವೇರ್ ಬರೆಯುವುದು ಕಷ್ಟವಲ್ಲ. ಪಾಠಕ್ಕೆ ನಾನು ಆರಿಸಿದ್ದು ಪ್ರತಿ ಪುಟಕ್ಕೆ ಎಷ್ಟು ಸಮಯ ಹಿಡಿಯಿತೆಂದು ಅಳೆಯುವ ಮಿಡಲ್‌ವೇರ್. ಅದಕ್ಕೆ ಹೋಗುವಾಗಲೂ ಕೆಲಸವಿದೆ, ಬರುವಾಗಲೂ ಇದೆ. ಅಪ್ಲಿಕೇಶನ್ನಿನ ಫೋಲ್ಡರಿನಲ್ಲಿ ಒಂದು ಹೊಸ ಪೈಥಾನ್ ಫೈಲ್ ಮಾಡಿ ಅದರಲ್ಲಿ ಒಂದು ಕ್ಲಾಸ್ ಬರೆಯುತ್ತೇವೆ. ಅದಕ್ಕೆ ಎರಡು ಮೆಥಡ್‌ಗಳು. ಇನಿಟ್ ಎಂಬುದಕ್ಕೆ ಜ್ಯಾಂಗೋ 'ಗೆಟ್ ರೆಸ್ಪಾನ್ಸ್' ಎಂಬ ಒಂದು ವಸ್ತುವನ್ನು ಕೊಡುತ್ತದೆ. ಅದನ್ನು ಸೆಲ್ಫ್‌ನಲ್ಲಿ ಇಟ್ಟುಕೊಳ್ಳಬೇಕು. ಕಾಲ್ ಎಂಬುದಕ್ಕೆ ಪ್ರತಿ ಸಲವೂ ರಿಕ್ವೆಸ್ಟ್ ಬರುತ್ತದೆ. ಅದರೊಳಗೆ ನಾಲ್ಕೇ ಸಾಲು: ಈಗಿನ ಸಮಯ ನೋಡು, ಗೆಟ್ ರೆಸ್ಪಾನ್ಸ್‌ಗೆ ರಿಕ್ವೆಸ್ಟ್ ಕೊಟ್ಟು ರೆಸ್ಪಾನ್ಸ್ ತೆಗೆದುಕೋ, ಮತ್ತೆ ಸಮಯ ನೋಡಿ ವ್ಯತ್ಯಾಸವನ್ನು ರೆಸ್ಪಾನ್ಸಿನ ಹೆಡರಿನಲ್ಲಿ ಬರೆ, ರೆಸ್ಪಾನ್ಸನ್ನು ಹಿಂತಿರುಗಿಸು. ಕೊನೆಗೆ ಈ ಕ್ಲಾಸಿನ ಪೂರ್ಣ ವಿಳಾಸವನ್ನು, ಅಂದರೆ ಅಪ್ಲಿಕೇಶನ್ ಹೆಸರು, ಫೈಲ್ ಹೆಸರು, ಕ್ಲಾಸ್ ಹೆಸರುಗಳನ್ನು ಚುಕ್ಕಿಗಳಿಂದ ಜೋಡಿಸಿ, ಸೆಟ್ಟಿಂಗ್ಸಿನ ಪಟ್ಟಿಗೆ ಸೇರಿಸಬೇಕು.

ನಾಲ್ಕು ಸಾಲಿನಲ್ಲಿ ಎರಡನೆಯದೇ ಜೀವ. ಅದರ ಮುಂಚೆ ಬರೆದದ್ದೆಲ್ಲ ಹೋಗುವ ದಾರಿ, ಆಮೇಲೆ ಬರೆದದ್ದೆಲ್ಲ ಬರುವ ದಾರಿ. ಗೆಟ್ ರೆಸ್ಪಾನ್ಸ್ ಎಂದರೆ ವ್ಯೂ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅದು ಪಟ್ಟಿಯಲ್ಲಿ ಮುಂದಿನ ಪದರ, ಅಷ್ಟೇ. ಗೇಟಿನ ಕಾವಲುಗಾರನಿಗೆ ಕಚೇರಿ ಮಾತ್ರ ಗೊತ್ತು. ಕಚೇರಿಯ ಆಚೆ ಎಷ್ಟು ಬಾಗಿಲಿವೆ ಎಂಬುದು ಅವನಿಗೆ ಬೇಕಿಲ್ಲ.

ಇಲ್ಲೂ ಒಮ್ಮೆ ಎಡವಿದ್ದೆ. ಶುರುವಿನ ಸಮಯವನ್ನು ಸೆಲ್ಫ್‌ನಲ್ಲಿ ಬರೆದಿಟ್ಟಿದ್ದೆ. ಮಿಡಲ್‌ವೇರಿನ ವಸ್ತು ಸರ್ವರ್ ಶುರುವಾದಾಗ ಒಮ್ಮೆ ಮಾತ್ರ ಹುಟ್ಟುತ್ತದೆ. ಬರುವ ಎಲ್ಲ ರಿಕ್ವೆಸ್ಟುಗಳಿಗೂ ಅದೊಂದೇ. ಇಬ್ಬರು ಒಟ್ಟಿಗೆ ಪುಟ ತೆರೆದರೆ ಎರಡನೆಯವರ ಸಮಯ ಮೊದಲನೆಯವರದನ್ನು ಅಳಿಸಿಬಿಡುತ್ತದೆ. ಕಾವಲುಗಾರ ಬಂದ ಸಮಯವನ್ನು ಚೀಟಿಯಲ್ಲಿ ಬರೆಯದೆ ತನ್ನ ಅಂಗೈಯ ಮೇಲೆ ಬರೆದುಕೊಂಡ ಹಾಗೆ. ಒಬ್ಬೊಬ್ಬರ ವಿವರ ಸಾಧಾರಣ ವೇರಿಯಬಲ್‌ನಲ್ಲಿರಲಿ, ಇಲ್ಲವೇ ರಿಕ್ವೆಸ್ಟಿಗೇ ಅಂಟಿರಲಿ.

ಎರಡನೇ ತರಗತಿಯನ್ನು ಪಾತ್ರಾಭಿನಯವಾಗಿ ಮಾಡಿದೆ. ಸಾಲಾಗಿ ಕುರ್ಚಿ ಹಾಕಿ ಒಬ್ಬೊಬ್ಬರನ್ನು ಒಂದೊಂದು ಪದರವಾಗಿ ಕೂರಿಸಿದೆ. ಪ್ರತಿಯೊಬ್ಬರ ಕೈಗೂ ಏನು ಮಾಡಬೇಕೆಂಬ ಕಾಗದ ಕೊಟ್ಟೆ. ಕಾಲ್ಪನಿಕ ಉದಾಹರಣೆ ಯಾಕೆ ಎಂದು, ನಮ್ಮ ಅವಲೋಕನ ಪುಸ್ತಕದ ಸೆಟ್ಟಿಂಗ್ಸ್ ಫೈಲನ್ನೇ ನೋಡಿ ಕುರ್ಚಿಗಳ ಕ್ರಮ ಬರೆದೆ. ನನ್ನ ಕೋಡನ್ನೇ ಕನ್ನಡಕ್ಕೆ ಇಳಿಸಿ ಕಾಗದಗಳನ್ನು ತಯಾರಿಸಿದೆ.

ಮೊದಲ ಕುರ್ಚಿ ನಾನು ಬರೆದ ಅನುಮತಿ ಮಿಡಲ್‌ವೇರಿನದು. ಮುಖ್ಯವಾದದ್ದು ಮೇಲಿರಬೇಕು ಎಂದುಕೊಂಡು ಪಟ್ಟಿಯ ತುದಿಯಲ್ಲಿ ಇಟ್ಟಿದ್ದೆ. ಅದರ ಹಿಂದೆ, ಬ್ರೌಸರಿನ ಕುಕಿ ನೋಡಿ ಹಳೆಯ ಪರಿಚಯ ಹುಡುಕುವ ಸೆಷನ್. ಅದರ ಹಿಂದೆ, ಆ ಪರಿಚಯದಿಂದ ಇವರು ಯಾರೆಂದು ತಿಳಿದು ಹೆಸರು ತುಂಬುವ ಅಥೆಂಟಿಕೇಶನ್. ಕೊನೆಗೆ ವ್ಯೂ. ಅನುಮತಿಯ ಕುರ್ಚಿಯಲ್ಲಿ ಕೂತಿದ್ದವಳು ಜರಡಿಯ ಪ್ರಶ್ನೆ ಕೇಳಿದವಳೇ. ಅವಳ ಕಾಗದದಲ್ಲಿ ಹೀಗಿತ್ತು: 'ಚೀಟಿಯಲ್ಲಿ ಹೆಸರಿದ್ದರೆ, ಈ ಟಿಪ್ಪಣಿ ಓದಲು ಆ ಹೆಸರಿಗೆ ಹಕ್ಕಿದೆಯೇ ನೋಡು, ಇಲ್ಲದಿದ್ದರೆ ತಡೆ. ಚೀಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮುಂದೆ ಕಳಿಸು.'

ಮೊದಲ ಚೀಟಿ ಬಂತು, ಹೆಸರಿಲ್ಲ, ಕಳಿಸಿದಳು. ಎರಡನೆಯದು, ಕಳಿಸಿದಳು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಹೆಸರು ಬರೆಯೋರು ನನ್ನ ಹಿಂದೆ ಕೂತಿದ್ದಾರಲ್ಲ. ನನ್ನ ಕುರ್ಚಿಗೆ ಹೆಸರಿರೋ ಚೀಟಿ ಒಂದಾದರೂ ಬರುತ್ತಾ?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆ ಕಾಗದ ಉದಾಹರಣೆಗಾಗಿ ಬರೆದದ್ದಲ್ಲ. ಆ ಹೊತ್ತಿಗೆ 9 ದಿನಗಳಿಂದ ಕಾಲೇಜಿನ ಸರ್ವರಿನಲ್ಲಿ ಓಡುತ್ತಿದ್ದ ಕೋಡು. ಅಂದರೆ 9 ದಿನಗಳಿಂದ ನನ್ನ ಪದರ ಯಾರನ್ನೂ ತಡೆದಿರಲಿಲ್ಲ. ಮಿಡಲ್‌ವೇರ್ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ವ್ಯೂಗಳಲ್ಲಿ ಯಾವ ತಪಾಸಣೆಯನ್ನೂ ಇಟ್ಟಿರಲಿಲ್ಲ. ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಸಾಕು, ಯಾರ ಟಿಪ್ಪಣಿಯನ್ನು ಬೇಕಾದರೂ ಯಾರು ಬೇಕಾದರೂ ಓದಬಹುದಿತ್ತು.

ದೋಷಸಂದೇಶವೇಕೆ ಬರಲಿಲ್ಲ ಎಂದು ನೀವು ಕೇಳಬಹುದು. ಬಂದಿತ್ತು. ಮೊದಲ ದಿನವೇ, ರಿಕ್ವೆಸ್ಟಿಗೆ ಯೂಸರ್ ಎಂಬ ಗುಣವೇ ಇಲ್ಲವೆಂದು ಪೈಥಾನ್ ಸ್ಪಷ್ಟವಾಗಿ ಹೇಳಿತ್ತು. ಯಾಕೆ ಇಲ್ಲ ಎಂದು ಯೋಚಿಸುವ ಬದಲು ನಾನು ಗೆಟ್‌ಆಟ್ರ್ ಎಂಬ ಫಂಕ್ಷನ್ ಬಳಸಿ, ಯೂಸರ್ ಇದ್ದರೆ ಕೊಡು, ಇಲ್ಲದಿದ್ದರೆ ನನ್ ಎಂಬ ಖಾಲಿ ಬೆಲೆ ಕೊಡು ಎಂದು ಬರೆದೆ. ಇನ್ನೂ ಲಾಗಿನ್ ಆಗದವರು ಲಾಗಿನ್ ಪುಟಕ್ಕಾದರೂ ಹೋಗಬೇಕಲ್ಲ, ಹೆಸರಿಲ್ಲದವರನ್ನು ಬಿಡೋಣ ಎಂದು ಅದಕ್ಕೊಂದು ಸಮರ್ಥನೆಯನ್ನೂ ಕಟ್ಟಿಕೊಂಡೆ. ಕೆಂಪು ಅಕ್ಷರ ಮಾಯವಾಯಿತು. ಕೆಲಸ ಆಯಿತು ಎಂದುಕೊಂಡೆ. ನಿಜವಾಗಿ, ಲಾಗಿನ್ ಆಗದವರಿಗೂ ಜ್ಯಾಂಗೋ 'ಅನಾಮಿಕ ಬಳಕೆದಾರ' ಎಂಬ ಒಂದು ಯೂಸರನ್ನು ಕೊಟ್ಟೇ ಕೊಡುತ್ತದೆ. ಯೂಸರ್ ಎಂಬುದೇ ಇಲ್ಲವೆಂದರೆ ಅದಕ್ಕೆ ಅರ್ಥ ಒಂದೇ: ಹೆಸರು ತುಂಬುವ ಪದರ ಇನ್ನೂ ಬಂದಿಲ್ಲ.

ಆಮೇಲೆ ಜ್ಯಾಂಗೋದ ಅಥೆಂಟಿಕೇಶನ್ ಮಿಡಲ್‌ವೇರಿನ ಮೂಲ ಕೋಡು ತೆರೆದು ನೋಡಿದೆ. ಕೆಲವೇ ಸಾಲು. ಅದಕ್ಕೆ ಸೆಷನ್ ಬೇಕು. ಸೆಷನ್ ಸಿಗದಿದ್ದರೆ ಅದು ಸುಮ್ಮನೆ ಮುಂದೆ ಹೋಗುವುದಿಲ್ಲ. ಸೆಷನ್ ಮಿಡಲ್‌ವೇರ್ ಇರಬೇಕು, ಪಟ್ಟಿಯನ್ನು ಸರಿಪಡಿಸಿ ಎಂದು ಹೇಳಿ ದೋಷ ಎಸೆದು ಅಲ್ಲೇ ನಿಲ್ಲುತ್ತದೆ. ನನ್ನಂಥವರು ಕ್ರಮ ತಪ್ಪಿಸುತ್ತಾರೆಂದು ಬರೆದವರಿಗೆ ಗೊತ್ತಿತ್ತು.

ಪರೀಕ್ಷೆ ಬರೆದಿರಲಿಲ್ಲವೇ ಎಂದರೆ ಅದನ್ನೂ ಬರೆದಿದ್ದೆ, ಎಲ್ಲ ಪಾಸಾಗಿದ್ದವು. ಬಳಸಿದ್ದು ರಿಕ್ವೆಸ್ಟ್ ಫ್ಯಾಕ್ಟರಿ ಎಂಬ ಸಾಧನ. ಅದು ರಿಕ್ವೆಸ್ಟ್ ಒಂದನ್ನು ತಯಾರಿಸಿ ನಮ್ಮ ಕೈಗೆ ಕೊಡುತ್ತದೆ, ಆದರೆ ಯಾವ ಮಿಡಲ್‌ವೇರನ್ನೂ ಓಡಿಸುವುದಿಲ್ಲ. ಹಾಗಾಗಿ ಯೂಸರನ್ನು ನಾನೇ ಕೈಯಾರೆ ಅಂಟಿಸಿ, ನನ್ನ ಕ್ಲಾಸನ್ನು ಒಂಟಿಯಾಗಿ ಕರೆದು, ತಡೆಯುತ್ತದೆಯೇ ಎಂದು ನೋಡಿದ್ದೆ. ತಡೆಯಿತು. ಹೆಸರು ತುಂಬಿದ ಚೀಟಿಯನ್ನೇ ಕೊಟ್ಟು ಪರೀಕ್ಷಿಸಿದರೆ ಯಾರಾದರೂ ತಡೆಯುತ್ತಾರೆ. ಜ್ಯಾಂಗೋದ ಟೆಸ್ಟ್ ಕ್ಲೈಂಟ್ ಬಳಸಿದ್ದರೆ ರಿಕ್ವೆಸ್ಟ್ ಪೂರ್ತಿ ಪಟ್ಟಿಯನ್ನು ದಾಟಿ ಬರುತ್ತಿತ್ತು; ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ತರಗತಿ ಮುಗಿದೊಡನೆ ಮಾರ್ಗದರ್ಶಕ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. "ಮೊದಲು ಪುಟ ಮುಚ್ಚಿ, ಆಮೇಲೆ ಕಾರಣ ಹೇಳಿ" ಎಂದರು. ಮುಚ್ಚಿ ಸರ್ವರಿನ ಲಾಗ್ ನೋಡಿದೆವು. ಹೆಚ್ಚು ಸಲ ತೆರೆದಿದ್ದು ನಮ್ಮ ತರಗತಿಯ ಒಬ್ಬ ಗೆಳತಿಯ ಅವಲೋಕನ ಪುಟ. 'ಮಕ್ಕಳಿಗಿಂತ ಬೋರ್ಡಿಗೆ ಹೆಚ್ಚು ಪಾಠ ಮಾಡಿದರು' ಎಂಬ ಸಾಲು ಅದರಲ್ಲಿತ್ತು. ಕ್ಷಮೆ ಕೇಳಲು ಹೋದಾಗ ಅವಳು ಹೇಳಿದ್ದು: "ಓದಿದ್ದಾರೆ ಅಂತ ನಂಗೆ ಗೊತ್ತಿತ್ತು. ಊಟದ ಹಾಲ್‌ನಲ್ಲಿ ಇಬ್ಬರು ಗೋಡೆ ಕಡೆ ತಿರುಗಿ ನನ್ನ ಹಾಗೆ ಪಾಠ ಮಾಡಿ ತೋರಿಸ್ತಿದ್ರು. ಮೇಡಮ್ಮೇ ಯಾರಿಗೋ ಹೇಳಿರಬೇಕು ಅಂದುಕೊಂಡಿದ್ದೆ." ಅಷ್ಟು ದಿನ ಅವಳು ಮೇಡಂ ಮೇಲೆ ಅನುಮಾನ ಇಟ್ಟುಕೊಂಡಿದ್ದಳು. ಇದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.

ತಿದ್ದಿದ್ದು ಹೀಗೆ. ಗೆಟ್‌ಆಟ್ರ್ ತೆಗೆದೆ, ಯೂಸರ್ ಇಲ್ಲವೆಂದರೆ ಈಗ ಕೋಡು ಒಡೆದು ನಿಲ್ಲುತ್ತದೆ, ನಿಲ್ಲಲಿ. ನನ್ನ ಪದರವನ್ನು ಅಥೆಂಟಿಕೇಶನ್ನಿನ ಕೆಳಗೆ ಇಳಿಸಿದೆ. ತಪಾಸಣೆಯನ್ನು ಕಾಲ್ ಮೆಥಡ್ಡಿನಿಂದ ಪ್ರೋಸೆಸ್ ವ್ಯೂ ಎಂಬ ಇನ್ನೊಂದು ಮೆಥಡ್ಡಿಗೆ ಸರಿಸಿದೆ. ಇದನ್ನು ಸ್ವಲ್ಪ ವಿವರಿಸಬೇಕು. ಕಾಲ್ ಓಡುವಾಗ, ಈ ವಿಳಾಸಕ್ಕೆ ಯಾವ ವ್ಯೂ, ಎಷ್ಟನೇ ಟಿಪ್ಪಣಿ ಎಂಬುದು ಇನ್ನೂ ನಿರ್ಧಾರವಾಗಿರುವುದಿಲ್ಲ. ನಾನು ವಿಳಾಸದ ಅಕ್ಷರಗಳನ್ನು ಕತ್ತರಿಸಿ ಸಂಖ್ಯೆ ಊಹಿಸುತ್ತಿದ್ದೆ. ಪ್ರೋಸೆಸ್ ವ್ಯೂ ಅನ್ನು ಜ್ಯಾಂಗೋ ಕರೆಯುವುದು ವ್ಯೂನ ಬಾಗಿಲಲ್ಲಿ, ಎಲ್ಲ ಪದರಗಳನ್ನೂ ದಾಟಿದ ಮೇಲೆ, ವ್ಯೂ ಮತ್ತು ಟಿಪ್ಪಣಿಯ ಸಂಖ್ಯೆ ಎರಡನ್ನೂ ಕೈಗಿಟ್ಟು. ನನ್ ಹಿಂತಿರುಗಿಸಿದರೆ ಮುಂದೆ ಹೋಗು ಎಂದರ್ಥ. 403 ಉತ್ತರ ಹಿಂತಿರುಗಿಸಿದರೆ ಅಲ್ಲಿಗೆ ನಿಂತಿತು. ಆ ಹೊತ್ತಿಗೆ ಹೆಸರು ತುಂಬಿಯೇ ಇರುವುದರಿಂದ, ತಪಾಸಣೆ ಮೊದಲೇ ಇಲ್ಲಿದ್ದಿದ್ದರೆ ನನ್ನ ಕ್ರಮದ ತಪ್ಪು ಇಷ್ಟು ಹಾನಿ ಮಾಡುತ್ತಿರಲಿಲ್ಲ. ಕೊನೆಯದಾಗಿ, ನಿಯಮವನ್ನು ತಿರುಗಿಸಿ ಬರೆದೆ. ಮೊದಲು 'ಇಂಥವರನ್ನು ತಡೆ' ಎಂದಿತ್ತು. ಈಗ 'ಈ ಇಬ್ಬರನ್ನು ಬಿಟ್ಟು ಎಲ್ಲರನ್ನೂ ತಡೆ' ಎಂದಿದೆ. 2024ರ ಆಗಸ್ಟಿನಲ್ಲಿ ಬಂದ ಜ್ಯಾಂಗೋ 5.1ರಲ್ಲಿ ಸೇರಿಸಿದ ಲಾಗಿನ್ ರಿಕ್ವೈರ್ಡ್ ಮಿಡಲ್‌ವೇರ್ ನಡೆಯುವುದೂ ಈ ತತ್ವದ ಮೇಲೆ: ಅದನ್ನು ಪಟ್ಟಿಗೆ ಸೇರಿಸಿದರೆ ಎಲ್ಲ ಪುಟಗಳಿಗೂ ಲಾಗಿನ್ ಕಡ್ಡಾಯ, ಬೇಡವಾದ ಪುಟಕ್ಕೆ ಮಾತ್ರ ಬೇಡವೆಂದು ಗುರುತು ಹಾಕಬೇಕು. ಅದು ಕೆಲಸ ಮಾಡುವುದೂ ಪ್ರೋಸೆಸ್ ವ್ಯೂನಲ್ಲೇ.

ಇಷ್ಟೆಲ್ಲ ತಿದ್ದಿದ ಮೇಲೆ ಅನ್ನಿಸಿದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಈ ನಿಯಮ ಬೇಕಿದ್ದದ್ದು 3 ಪುಟಗಳಿಗೆ. ಅಷ್ಟಕ್ಕೆ ಮಿಡಲ್‌ವೇರೇ ಬೇಕಿರಲಿಲ್ಲ. ಆ 3 ವ್ಯೂಗಳ ತಲೆಯ ಮೇಲೆ ಒಂದು ಡೆಕೊರೇಟರ್ ಬರೆದಿದ್ದರೆ ನಿಯಮ ಪುಟದ ಪಕ್ಕದಲ್ಲೇ ಓದುವವರ ಕಣ್ಣಿಗೆ ಬೀಳುತ್ತಿತ್ತು. ಹೊಸ ವಿಷಯ ಕಲಿತ ಹುರುಪಿನಲ್ಲಿ ಅದನ್ನು ಬಳಸಲು ಜಾಗ ಹುಡುಕಿದ್ದೆ. ಸಮಯ ಅಳೆಯುವುದು, ಭಾಷೆ ಗುರುತಿಸುವುದು, ಎಲ್ಲ ಉತ್ತರಗಳ ಮೇಲೂ ಒಂದು ಹೆಡರ್ ಹಾಕುವುದು ಇಂಥವು ಮಿಡಲ್‌ವೇರಿಗೆ ಸೇರಿದವು. ತಂಡದಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ. ಮುಂದೆ ನಾಲ್ಕನೇ ಪುಟ ಸೇರಿಸುವವರು ಡೆಕೊರೇಟರ್ ಹಾಕಲು ಮರೆತರೆ ಏನು ಗತಿ ಎನ್ನುತ್ತಾರೆ. ಅದೂ ನಿಜ. ಸದ್ಯಕ್ಕೆ ಎರಡೂ ಇವೆ.

ತರಗತಿಯಲ್ಲಿ ಬಂದ ಇನ್ನೊಂದು ಪ್ರಶ್ನೆ: "ಟೀಚರ್ ರಜೆ ಇದ್ದರೆ?" ವ್ಯೂನಲ್ಲಿ ದೋಷವಾದರೆ ಎಂದರ್ಥ. ಆಗಲೂ ಹೊರಗಿನ ಪದರಗಳಿಗೆ ಉತ್ತರ ಬಂದೇ ಬರುತ್ತದೆ. ಜ್ಯಾಂಗೋ ಆ ದೋಷವನ್ನು 404 ಅಥವಾ 500ರಂಥ ಉತ್ತರವಾಗಿ ಬದಲಿಸಿ ಹಿಂದಿನ ಪದರಕ್ಕೆ ಕೊಡುತ್ತದೆ. ಹಾಗಾಗಿ ಗೆಟ್ ರೆಸ್ಪಾನ್ಸ್ ಸುತ್ತ ಟ್ರೈ-ಎಕ್ಸೆಪ್ಟ್ ಹಾಕಿ ವ್ಯೂನ ದೋಷ ಹಿಡಿಯುತ್ತೇನೆಂದರೆ ಸಿಗುವುದಿಲ್ಲ; ಅದಕ್ಕೆ ಪ್ರೋಸೆಸ್ ಎಕ್ಸೆಪ್ಶನ್ ಎಂಬ ಬೇರೆ ಮೆಥಡ್ ಇದೆ.

ಬೇರೆ ವಿಭಾಗದವರಿಗೆ ಇದೇ ಪಾಠ ಮುಂದಿನ ವಾರ ಮೂರನೇ ಬಾರಿ ಇದೆ. ಪಾಠಯೋಜನೆಯಲ್ಲಿ ಒಂದೇ ಬದಲಾವಣೆ ಮಾಡಿದ್ದೇನೆ: ಕುರ್ಚಿಗಳನ್ನು ಬೇಕೆಂದೇ ನನ್ನ ಹಳೆಯ ತಪ್ಪು ಕ್ರಮದಲ್ಲಿ ಹಾಕಿ, ಅನುಮತಿಯ ಕುರ್ಚಿಗೆ ಅದೇ ಹಳೆಯ ಕಾಗದ ಕೊಡುತ್ತೇನೆ. ಎಷ್ಟನೇ ಚೀಟಿಗೆ ಯಾರು ಕೈ ಎತ್ತುತ್ತಾರೆಂದು ಬರೆದುಕೊಳ್ಳಲು ಅವಲೋಕಕರಾಗಿ ಆ ಗೆಳತಿಯೇ ಬರುತ್ತಾಳೆ.